ಅಭಿಮಾನಿಯ ಹಕ್ಕು ಎಷ್ಟು?

ಒಬ್ಬ ಕಲಾವಿದನನ್ನು ಇಪ್ಪತ್ತೈದು ವರ್ಷ ಮೆಚ್ಚಿಕೊಂಡು ಬಂದವನಿಗೆ ಅವನ ಮೇಲೆ ಏನಾದರೂ ಅಧಿಕಾರವುಂಟೆ? ಈಚೆಗೆ ನಮ್ಮನ್ನು ಬಹುವಾಗಿ ಕಾಡಿದ ಪ್ರಶ್ನೆ ಇದು.

ಕಾಡಿಸಿದ್ದು ಇಂಗ್ಲೆಂಡಿನ 'ದಿ ಕ್ಯೂರ್' ಎಂಬ ವಾದ್ಯತಂಡ. ಪಂಕ್ ಸಂಗೀತದ ಅಬ್ಬರ ಇಳಿಯುತ್ತಿದ್ದಾಗ, ಅದರ ಬಂಡಾಯವನ್ನು ಒಳಮುಖವಾಗಿ ತಿರುಗಿಸಿಕೊಂಡ ಹುಡುಗರ ತಂಡಗಳು ಅಲ್ಲಿ ಹುಟ್ಟಿದವು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಲಿ ಪಟ್ಟಣದ ಈ ತಂಡ ಅವುಗಳಲ್ಲೊಂದು. ಮೊದಲ ಆಲ್ಬಂ ಬಂದದ್ದು 1979ರಲ್ಲಿ. ಹಾಡು ಕಟ್ಟುವವರೂ ಹಾಡುವವರೂ ರಾಬರ್ಟ್ ಸ್ಮಿತ್. ನಾವು ಬಿ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬ ಇವರ 1989ರ 'ಡಿಸಿಂಟಿಗ್ರೇಷನ್' ಕ್ಯಾಸೆಟ್ ಕೊಟ್ಟ. ಮಾತು ಪೂರ್ತಿ ತಿಳಿಯದಿದ್ದರೂ ದನಿಯೊಳಗಿನ ದುಗುಡ ತಿಳಿಯಿತು.

2008ರ ಅನಂತರ ಹದಿನಾರು ವರ್ಷ ತಂಡದಿಂದ ಹೊಸ ಆಲ್ಬಂ ಬರಲಿಲ್ಲ. ಕೊನೆಗೆ 2024ರ ನವೆಂಬರ್ 1ರಂದು 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಬಂತು. ಎಂಟೇ ಹಾಡು. ಮೊದಲನೆಯದರಲ್ಲಿ ದನಿ ಕೇಳಿಸುವುದಕ್ಕೇ ಮೂರು ನಿಮಿಷ ಮೀರುತ್ತದೆ. ಕೊನೆಯದು ಹತ್ತು ನಿಮಿಷದ್ದು. ಕೇಳಿದಾಗ ನಮಗೆ ಸಿಟ್ಟೇ ಬಂತು. 1992ರಲ್ಲಿ ಶುಕ್ರವಾರದ ಸಂತಸವನ್ನು ಹಾಡಿದ್ದ ಆ ಲವಲವಿಕೆ ಎಲ್ಲಿ?

ಅಭಿಮಾನಿಯ ಸ್ವಭಾವವೇ ಇದು. ಹೊಸದನ್ನು ಕೊಟ್ಟರೆ 'ಹಳೆಯ ಸೊಗಸಿಲ್ಲ' ಎನ್ನುತ್ತೇವೆ; ಹಳೆಯದನ್ನೇ ಕೊಟ್ಟರೆ 'ಸರಕು ಮುಗಿಯಿತು' ಎನ್ನುತ್ತೇವೆ. ನಮ್ಮ ಹರೆಯವನ್ನು ಅವರ ಬಳಿ ಅಡವಿಟ್ಟವರಂತೆ ಬಡ್ಡಿ ಕೇಳುತ್ತೇವೆ.

ಆರನೆಯ ಹಾಡು ಸ್ಮಿತ್ ತಮ್ಮ ಅಣ್ಣನ ಸಾವನ್ನು ಕುರಿತು ಬರೆದದ್ದು. ಅದನ್ನು ಕೇಳುವಾಗ ಊರಲ್ಲಿರುವ ನಮ್ಮ ಅಣ್ಣ ಹೋದ ಬೇಸಿಗೆಯಲ್ಲಿ ಅಂದ ಮಾತು ನೆನಪಾಯಿತು. ಅಪ್ಪ ಹೋದ ಮೇಲೆ ಅಣ್ಣನ ನಗು ಕಡಿಮೆಯಾಗಿದೆ. 'ಮೊದಲಿನ ಹಾಗೆ ನೀನು ತಮಾಷೆಯನ್ನೇ ಮಾಡುವುದಿಲ್ಲ' ಎಂದು ನಾವು ದೂರಿದ್ದೆವು. ಅಣ್ಣ ಅಂದ: 'ಅಲ್ಲವೋ, ವರ್ಷಕ್ಕೊಂದ್ಸಲ ಬರ್ತೀಯ. ಬಂದಾಗಲೆಲ್ಲ ಇಪ್ಪತ್ತು ವರ್ಷದ ಹಿಂದಿನ ಅಣ್ಣನ್ನೇ ಹುಡುಕ್ತೀಯ. ಈಗಿರೋ ನನ್ನ ಹತ್ರ ಮಾತಾಡೋದು ಯಾವಾಗ?'

ಊರು ಬಿಟ್ಟು ಬಂದ ನಮ್ಮಲ್ಲನೇಕರದು ಇದೇ ತಪ್ಪಲ್ಲವೆ? ನಾವು ಬದಲಾಗಬಹುದು, ಊರು ಮಾತ್ರ ಕಾದಿರಬೇಕು!

ಹಾಗಾದರೆ ಅಭಿಮಾನಿಗೆ ಹಕ್ಕೇ ಇಲ್ಲವೆ? ಉಂಟು. ಮೋಸವಿಲ್ಲದ ವ್ಯವಹಾರವನ್ನು ಕೇಳಬಹುದು. 2023ರ ಅಮೆರಿಕ ಪ್ರವಾಸದಲ್ಲಿ ಟಿಕೆಟ್ಟಿನ ಮೇಲೆ ವಿಪರೀತ ಶುಲ್ಕ ಹೇರಿದಾಗ ಸ್ಮಿತ್ ಬಹಿರಂಗವಾಗಿ ಪ್ರತಿಭಟಿಸಿದರು. ಮಾರಾಟಗಾರರು ಟಿಕೆಟ್ಟಿಗೆ ಐದೋ ಹತ್ತೋ ಡಾಲರ್ ಹಿಂದಿರುಗಿಸಬೇಕಾಯಿತು. ಹಾಡಿನಲ್ಲೂ ಪ್ರಾಮಾಣಿಕತೆಯನ್ನು ಕೇಳಬಹುದು. ಅರವತ್ತೈದರ ಮನುಷ್ಯ ಅರವತ್ತೈದರ ದುಃಖವನ್ನೇ ಹಾಡಿದರೆ ಆ ಸಾಲ ತೀರಿದಂತೆ. ಇಪ್ಪತ್ತರ ಸಂತೋಷವನ್ನು ನಟಿಸಿ ತೋರಿಸೆಂದು ಕೇಳುವ ಹಕ್ಕು ಮಾತ್ರ ನಮಗಿಲ್ಲ.

ಆಲ್ಬಂ ಮತ್ತೊಮ್ಮೆ ಕೇಳಿದೆವು, ಈ ಸಲ ಏನನ್ನೂ ಹುಡುಕದೆ. ಮುಗಿದ ಮೇಲೆ ಅಣ್ಣನಿಗೆ ಫೋನು ಮಾಡಿದೆವು. ಹಳೆಯ ಸುದ್ದಿ ಎತ್ತಲಿಲ್ಲ. 'ಮಂಡಿನೋವು ಹೇಗಿದೆ?' ಎಂದೆವು. ಅಣ್ಣ ಅರ್ಧ ಗಂಟೆ ಮಾತನಾಡಿದ.