ಸಾಹಸದ ಲೆಕ್ಕ

ಪ್ರಾಣದ ಹಂಗು ತೊರೆದು ಮಾಡಿದ ಕೆಲಸಕ್ಕೆಲ್ಲ ನಾವು ಒಂದೇ ಬಗೆಯಾಗಿ ತಲೆದೂಗುತ್ತೇವೆ. ಉರಿಯುವ ಮನೆಯೊಳಗೆ ನುಗ್ಗಿ ಮಗುವನ್ನು ಎತ್ತಿ ತಂದವನೂ ಸಾಹಸಿ. ಯಾರಿಗೂ ಬೇಕಿಲ್ಲದ ಅಪಾಯವನ್ನು ತಾನಾಗಿ ಮೈಮೇಲೆ ಎಳೆದುಕೊಂಡವನೂ ಸಾಹಸಿ. ಎರಡೂ ಒಂದೇ ಗುಣವೆ? ನಮ್ಮ ಧರ್ಮಶಾಸ್ತ್ರಗಳಲ್ಲಿ ‘ಸಾಹಸ’ ಎಂಬುದಕ್ಕೆ ಬಲಾತ್ಕಾರದ ಅಪರಾಧವೆಂಬ ಅರ್ಥವೂ ಉಂಟು. ಹೊಗಳಿಕೆಯೂ ದೂರೂ ಆಗಬಲ್ಲ ಮಾತನ್ನು ತೂಗಿ ಬಳಸುವುದು ಲೇಸು.

ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಧುಮುಕುವ ಪಂದ್ಯಗಾರನ ಬಾಳು ಈ ಪ್ರಶ್ನೆಗೆ ತಕ್ಕ ಒರೆಗಲ್ಲು. ಆತನ ವೇಗ ಗಂಟೆಗೆ 100 ಕಿಲೋಮೀಟರನ್ನು ಮೀರುತ್ತದೆ. ಸುಮಾರು ಎರಡು ನಿಮಿಷದ ಆ ಓಟದಲ್ಲಿ ಸೋಲು ಗೆಲುವುಗಳನ್ನು ಅಳೆಯುವುದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ.

ಆಸ್ಟ್ರಿಯದ ರೈತ ಕುಟುಂಬದಲ್ಲಿ ಹುಟ್ಟಿದ ಫ್ರಾನ್ಸ್ ಕ್ಲಾಮರನನ್ನು ನೋಡಿ. 1976ರ ಒಲಿಂಪಿಕ್ಸ್ ನಡೆದದ್ದು ಆತನ ನಾಡಿನಲ್ಲೇ, ಇನ್ಸ್‌ಬ್ರುಕ್ಕಿನಲ್ಲಿ. ಸ್ವಿಟ್ಸರ್ಲೆಂಡಿನ ಬೆರ್ನ್‌ಹಾರ್ಡ್ ರೂಸಿ ಆಗಲೇ ಎಲ್ಲರಿಗಿಂತ ಬೇಗ ಇಳಿದು ನಿಂತಿದ್ದ. ನಡುದಾರಿಯಲ್ಲಿ ಕ್ಲಾಮರ್ ಹಿಂದೆ ಬಿದ್ದಿದ್ದ. ಅಲ್ಲಿಂದ ಮುಂದೆ, ಇನ್ನೇನು ಉರುಳಿದನೆನ್ನುವಂತೆ ತೂರಾಡುತ್ತ, ಪ್ರತಿಸಲವೂ ಸಾವರಿಸಿಕೊಂಡು, ಕಡೆಗೆ 0.33 ಸೆಕೆಂಡಿನ ಅಂತರದಲ್ಲಿ ಗೆದ್ದ. ದೇಶವೇ ಕುಣಿಯಿತು. ಮರುವರ್ಷ ಆತನ ತಮ್ಮ ಇಂಥದೇ ಓಟದಲ್ಲಿ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ. 1980ರ ಒಲಿಂಪಿಕ್ಸಿಗೆ ಆಸ್ಟ್ರಿಯ ತನ್ನ ವೀರನನ್ನು ಆರಿಸಲೇ ಇಲ್ಲ. ಆದರೂ ಆತ ಬಿಡಲಿಲ್ಲ. 1983ರಲ್ಲಿ ಮತ್ತೆ ಇಳಿಜಾರು ಓಟದ ವಿಶ್ವಕಪ್ ಗೆದ್ದು, 1985ರಲ್ಲಿ ಕಣದಿಂದ ಹಿಂದೆ ಸರಿದ.

‘ಅವನ ಮೈ, ಅವನ ಇಷ್ಟ’ ಎಂದು ಹೇಳಿ ಮುಗಿಸಬಹುದು. ಆ ಮಾತಿನಲ್ಲಿ ನಿಜವಿಲ್ಲದಿಲ್ಲ. ವರ್ಷಗಟ್ಟಲೆ ಮೈಯನ್ನು ಪಳಗಿಸಿ, ದಾರಿಯ ಪ್ರತಿಯೊಂದು ತಿರುವನ್ನೂ ಅರಿತು ಇಳಿಯುವವನನ್ನು ಹುಂಬನೆನ್ನುವುದು ಅನ್ಯಾಯ. ಅಪಾಯವನ್ನು ಬಲ್ಲವನ ಧೈರ್ಯಕ್ಕೆ ಒಂದು ಘನತೆಯಿದೆ. ಆದರೆ ಬಿದ್ದವನ ನೋವು ಅವನೊಬ್ಬನದಾಗಿ ನಿಲ್ಲುವುದಿಲ್ಲ. ಮನೆಯವರೆಲ್ಲ ಅದನ್ನು ಹೊರಬೇಕು.

ಇನ್ನು ಬೇಲಿಯಾಚೆ ನಿಂತ ನಮ್ಮ ಪಾಲೇನು? ನಾವು ಯಾವ ಅಪಾಯಕ್ಕೂ ಒಡ್ಡಿಕೊಂಡವರಲ್ಲ. ಆದರೆ ‘ಇನ್ನೂ ವೇಗವಾಗಿ’ ಎಂದು ಕೂಗಿದವರು ನಾವೇ. ಎಚ್ಚರದಿಂದ ಇಳಿದು ಐದನೆಯವನಾದವನ ಹೆಸರು ನಮಗೆ ನೆನಪಿರುವುದಿಲ್ಲ. ಒಬ್ಬ ಬಿದ್ದರೆ ಕ್ಷಣಕಾಲ ಅಯ್ಯೋ ಎಂದು, ಮುಂದಿನವನು ಯಾರೆಂದು ಮೇಲೆ ನೋಡುತ್ತೇವೆ. ನಮ್ಮ ಚಪ್ಪಾಳೆಯೂ ಆ ವೇಗದ ಒಂದು ಕಾರಣವಾಗಿದ್ದರೆ, ಬಿದ್ದವನ ಹೊರೆಯಲ್ಲೂ ನಮಗೊಂದು ಪಾಲು ಸಲ್ಲಬೇಕಷ್ಟೆ.

ಮುಂದೆ ಕ್ಲಾಮರನ ಹೆಸರಿನಲ್ಲಿ, ತೀವ್ರವಾಗಿ ಗಾಯಗೊಂಡ ಆಟಗಾರರಿಗೆ ನೆರವಾಗುವ ಒಂದು ಪ್ರತಿಷ್ಠಾನ ಹುಟ್ಟಿತು. ಗೆದ್ದವನು ಬಿದ್ದವರನ್ನು ಮರೆಯಲಿಲ್ಲ. ನೋಡಿ ನಲಿದವರು ಮರೆಯುವುದು ಸರಿಯೆ?