ಋಣಿಯ ತ್ಯಾಗವು ವ್ರತವಾಗಬಲ್ಲುದೆ?

ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಸಂಜೆ ಐದು ಗಂಟೆಗೆ ನಾಲ್ವರು ಸಹೋದ್ಯೋಗಿಗಳು ಫಲಾಹಾರಕ್ಕೆಂದು ಏಳುತ್ತಾರೆಂದು ಭಾವಿಸಬಹುದು. ಐದನೆಯವನು ಶ್ರಾವಕ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆತನದವನಾದುದರಿಂದ ಆ ಹೊತ್ತಿನ ಇಡ್ಲಿ, ದೋಸೆಗಳಲ್ಲಿ ಅವನಿಗೂ ಬಹುಕಾಲದಿಂದ ಪಾಲಿತ್ತು. ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಹೇಳಿ ಮನೆಮಂದಿಗೆಲ್ಲ ಹೊರಗಿನಿಂದ ಊಟ ತರಿಸುವುದೂ ರೂಢಿಯಾಗಿತ್ತು. ಈಗ ಮೂರು ತಿಂಗಳಿಂದ ಅವನು ಕುರ್ಚಿ ಬಿಟ್ಟು ಏಳುವುದಿಲ್ಲ. ಕರೆದರೆ, “ಬ್ಯಾಡ್ರೀ, ನನಗ ನಿಯಮ ಐತ್ರಿ” ಎನ್ನುತ್ತಾನೆ. ಕರೆದವರು ಗೌರವದಿಂದ ಸುಮ್ಮನಾಗುತ್ತಾರೆ. ಅವರಲ್ಲಿ ಹಿರಿಯನಾದವನೊಬ್ಬನು ಈ ಕಾಲದಲ್ಲಿಯೂ ಇಂಥವರಿದ್ದಾರಲ್ಲಾ ಎಂದು ಮೆಚ್ಚುವುದೂ ಉಂಟು. ಆದರೆ ನಿಜಸಂಗತಿ ಬೇರೆ. ಅವನ ಕ್ರೆಡಿಟ್ ಕಾರ್ಡಿನಲ್ಲಿ 1,20,000 ರೂಪಾಯಿಗಳ ಬಾಕಿ ಇದೆ. ತಂದೆಯ ಆಸ್ಪತ್ರೆಯ ಖರ್ಚಿಗೆಂದು ಅಕ್ಕನಿಂದ ತಂದ 40,000 ರೂಪಾಯಿಗಳೂ ಹಾಗೆಯೇ ಉಳಿದಿವೆ.

ಅವನು ಆಡಿದ ಮಾತು ಸತ್ಯವೆ, ಅಸತ್ಯವೆ? ಕೈ ಬರಿದಾದವನು ತನ್ನ ಅಸಾಮರ್ಥ್ಯಕ್ಕೆ ವ್ರತದ ಹೊದಿಕೆ ಹೊದಿಸಿದನೆಂದು ಕೆಲವರು ಹೇಳಿಯಾರು. ಕಾರಣವೇನೇ ಇರಲಿ, ಜಿಹ್ವೆಗೆ ಕಡಿವಾಣ ಬಿದ್ದಿತಲ್ಲ, ಅಷ್ಟು ಸಾಕು ಎಂದು ಮತ್ತೆ ಕೆಲವರು ಹೇಳಿಯಾರು. ಮೊದಲನೆಯ ಉತ್ತರದಲ್ಲಿ ದಯೆಯಿಲ್ಲ, ಎರಡನೆಯದರಲ್ಲಿ ವಿಚಾರವಿಲ್ಲ. ಇಂದು ಶ್ರಾವಕರ ಮನೆಗಳಲ್ಲಿಯೂ ಕಂತುಗಳ ಲೆಕ್ಕ ಹೆಚ್ಚಿರುವುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಬಿಡುವಂತಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ, ವಸ್ತ್ರದಂತೆ. ಇವುಗಳಿಗೆ ಮಿತಿ ಹಾಕಿಕೊಳ್ಳುವ ಕ್ರಮವನ್ನು ಹೇಳುವಾಗ ಆಚಾರ್ಯರು ಒಂದು ಸೂಕ್ಷ್ಮವಾದ ಭೇದವನ್ನು ಮಾಡುತ್ತಾರೆ. ದೇಹಕ್ಕೆ ಒಗ್ಗದುದನ್ನು ಬಿಡಬೇಕು, ಶಿಷ್ಟರಿಗೆ ಸಲ್ಲದುದನ್ನೂ ಬಿಡಬೇಕು, ನಿಜ. ಆದರೆ ತನಗೆ ಯೋಗ್ಯವಾದ ವಿಷಯದಿಂದಲೇ, ಅಭಿಸಂಧಿಯಿಂದ, ಎಂದರೆ ತಿಳಿದು ಸಂಕಲ್ಪಿಸಿ ಹಿಂದೆಗೆಯುವುದು ವ್ರತವೆನಿಸುತ್ತದೆ. ಕಂದಮೂಲವಿಲ್ಲದ, ಹಗಲಿನಲ್ಲಿ ತಿನ್ನುವ ಇಡ್ಲಿಯು ಶ್ರಾವಕನಿಗೆ ಯೋಗ್ಯವಾದ ವಸ್ತುವೇ. ಆದುದರಿಂದ ಇಲ್ಲಿ ಪ್ರಶ್ನೆಯಿರುವುದು ವಸ್ತುವಿನಲ್ಲಲ್ಲ, ಅಭಿಸಂಧಿಯಲ್ಲಿ.

ಅಭಿಸಂಧಿಯಿಲ್ಲದೆ ಸಹಿಸಿದ ಹಸಿವಿಗೂ ಶಾಸ್ತ್ರದಲ್ಲಿ ಹೆಸರುಂಟು. ಅದು ಅಕಾಮನಿರ್ಜರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸೆರೆಮನೆಯಲ್ಲಿ ಬಂಧಿತನಾದವನನ್ನು ಉದಾಹರಿಸುತ್ತಾರೆ. ಅವನು ಹಸಿವು ಬಾಯಾರಿಕೆಗಳನ್ನು ತಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಬ್ರಹ್ಮಚರ್ಯದಿಂದಲೂ ಇರುತ್ತಾನೆ. ಆದರೆ ಇವಾವುವೂ ಅವನು ಬಯಸಿದವುಗಳಲ್ಲ. ಅದು ಸಂಪೂರ್ಣ ನಿಷ್ಫಲವೆಂದು ತತ್ತ್ವಾರ್ಥಸೂತ್ರಕಾರರು ಹೇಳುವುದಿಲ್ಲ. ದೇವಾಯುಷ್ಯದ ಆಸ್ರವಕ್ಕೆ ಕಾರಣವಾದವುಗಳಲ್ಲಿ ಅದನ್ನೂ ಎಣಿಸುತ್ತಾರೆ. ಆದರೂ ಗೃಹಸ್ಥನ ವ್ರತಾಚರಣೆಯಾದ ಸಂಯಮಾಸಂಯಮವನ್ನು ಬೇರೆಯಾಗಿಯೂ ಇದನ್ನು ಬೇರೆಯಾಗಿಯೂ ಹೆಸರಿಸುತ್ತಾರೆ. ಹೊರಗಿನಿಂದ ನೋಡಿದರೆ ಉಪವಾಸಿಗೂ ಸೆರೆಯವನಿಗೂ ಹೊಟ್ಟೆ ಒಂದೇ ಬಗೆಯಾಗಿ ಬರಿದಾಗಿರುತ್ತದೆ.

ಹಾಗಾದರೆ ಸಾಲಗಾರನು ಸೆರೆಯವನೆ? ಹಿಂದಿನ ಕಾಲದಲ್ಲಿ ಬಹುಮಟ್ಟಿಗೆ ಹೌದೆನ್ನಬಹುದಾಗಿತ್ತು. ಬಾಕಿ ಏರಿದವನಿಗೆ ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸುತ್ತಿದ್ದನು. ನಿಲ್ಲಿಸಿದ ಮೇಲೆ ಬೆಲ್ಲವಿಲ್ಲದ ಮನೆಯಲ್ಲಿ ಸಿಹಿ ಬಿಟ್ಟವನೆಂದು ಯಾರೂ ಬೀಗುವಂತಿರಲಿಲ್ಲ. ಇಂದಿನ ಸಾಲದ ಸ್ವಭಾವ ಬೇರೆ. 1,20,000 ರೂಪಾಯಿ ಬಾಕಿಯಿರುವವನ ಕಾರ್ಡಿನಲ್ಲಿ ಇನ್ನೂ 30,000 ತೆಗೆಯಲು ಅವಕಾಶವಿರಬಹುದು. ಬಾಕಿಯ ಶೇ. 5ರಷ್ಟನ್ನು ಕಟ್ಟಿದರೆ ಆ ತಿಂಗಳಿಗೆ ಸಾಕೆಂದು ಪತ್ರ ಬರುತ್ತದೆ. ಬೆರಳಾಡಿಸಿದರೆ ಅರ್ಧ ಗಂಟೆಯಲ್ಲಿ ಊಟ ಬಾಗಿಲಿಗೆ ಬರುತ್ತದೆ. ಸೆರೆಯ ಬಾಗಿಲು ತೆರೆದೇ ಇದೆ. ಕಾವಲುಗಾರನೇ ಹೊರಗೆ ಬಾ ಎಂದು ಕರೆಯುತ್ತಿದ್ದಾನೆ. ಅಂಥ ಸ್ಥಿತಿಯಲ್ಲಿ ಒಬ್ಬನು ಬಾಗಿಲೊಳಗೆ ಕುಳಿತಿದ್ದರೆ ಅವನನ್ನು ಕೂರಿಸಿದ್ದು ಬಡತನವಲ್ಲ, ಅವನ ನಿಶ್ಚಯ. ಸಾಲ ಸುಲಭವಾಗಿರುವುದರಿಂದಲೇ ಈಗಿನ ಸಾಲಗಾರನ ಸಂಯಮದಲ್ಲಿ ಅಭಿಸಂಧಿಗೆ ಸ್ಥಳ ದೊರಕಿದೆ ಎಂಬುದು ವಿಚಿತ್ರವಾದರೂ ನಿಜ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ತ್ಯಾಗಕ್ಕೆ ಸ್ವತ್ವ ಬೇಕು. ತನ್ನದಾದುದನ್ನು ಬಿಟ್ಟರೆ ತ್ಯಾಗ. ಸಾಲದಲ್ಲಿರುವವನ ಕೈಯ ಹಣ ಅವನದಲ್ಲವಾದರೆ ಅವನು ಬಿಟ್ಟದ್ದಾದರೂ ಏನು? ಇಲ್ಲಿ ಆ ಇಡ್ಲಿಯ ಬೆಲೆಯನ್ನು ಸ್ವಲ್ಪ ಲೆಕ್ಕ ಹಾಕುವುದು ಅವಶ್ಯ. ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ. 3 ಅಥವಾ ಅದಕ್ಕೂ ಹೆಚ್ಚು ಬಡ್ಡಿ ಬೀಳುವುದು ಸಾಮಾನ್ಯ. ಶೇ. 3 ಎಂದು ಹಿಡಿದರೂ 1,20,000ಕ್ಕೆ ಮೊದಲ ತಿಂಗಳ ಬಡ್ಡಿಯೇ 3,600 ರೂಪಾಯಿ. ತಿಂಗಳಿಗೆ 6,000 ಕಟ್ಟುತ್ತ ಹೋದರೆ, ಹೊಸದೇನನ್ನೂ ಕೊಳ್ಳದಿದ್ದರೆ, ಸಾಲ ಹರಿಯಲು 31 ತಿಂಗಳು ಬೇಕು; ಒಟ್ಟು ಕಟ್ಟಿದ್ದು 1,86,000. ಸಂಜೆಯ ಫಲಾಹಾರಕ್ಕೆ 600, ಭಾನುವಾರದ ಊಟಗಳಿಗೆ 1,400, ಹೀಗೆ 2,000 ರೂಪಾಯಿಗಳನ್ನು ಉಳಿಸಿ 8,000ದಂತೆ ಕಟ್ಟಿದರೆ 21ನೆಯ ತಿಂಗಳಲ್ಲಿ ಮುಗಿಯುತ್ತದೆ. ಒಟ್ಟು ಕಟ್ಟಿದ್ದು ಸುಮಾರು 1,62,000. ಬಡ್ಡಿಯ ಮೇಲಿನ ತೆರಿಗೆಯನ್ನು ಇಲ್ಲಿ ಸೇರಿಸಿಲ್ಲ. ಹತ್ತು ತಿಂಗಳ ಆಯುಷ್ಯವೂ 24,000 ರೂಪಾಯಿಗಳೂ ಆ ಫಲಾಹಾರದ ತಟ್ಟೆಗಳಲ್ಲಿ ಅಡಗಿದ್ದವು. ಅಲ್ಲದೆ, ಹಿಂದಿನ ಬಾಕಿ ಪೂರ್ತಿಯಾಗಿ ತೀರದಿರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಸಿಕ್ಕುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಏರುತ್ತದೆ. ಒಮ್ಮೆ ಉಂಡು ಬಿಡತಕ್ಕದ್ದು ಭೋಗವೆಂದು ಆಚಾರ್ಯರು ಹೇಳಿದರು. ಕಾರ್ಡಿನಲ್ಲಿ ಉಂಡ ದೋಸೆ ಉಂಡವನನ್ನು ಬಿಡುವುದೇ ಇಲ್ಲ. ಭೋಗದ ಸುಖ ಒಂದೇ ಸಂಜೆಯದು, ಅದರ ಬೆಲೆ ಮಾತ್ರ ಉಪಭೋಗದಂತೆ ಮತ್ತೆ ಮತ್ತೆ ಬರುತ್ತದೆ.

ಬ್ಯಾಂಕಿನ ಮಾತು ಹೀಗಾಯಿತು. ಬ್ಯಾಂಕು ತಿಳಿದೇ ಕೊಡುತ್ತದೆ, ತಡವಾದರೆ ಬಡ್ಡಿಯಿಂದ ತುಂಬಿಕೊಳ್ಳುತ್ತದೆ. ಅಕ್ಕನ ಮಾತು ಹಾಗಲ್ಲ. ಅವಳು ತಮ್ಮನಿಂದ ಬಡ್ಡಿ ಕೇಳಲಿಲ್ಲ. ತನ್ನ ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟು ಹಣ ತಂದಳು, ಅದರ ಬಡ್ಡಿಯನ್ನು ತಾನೇ ಕಟ್ಟುತ್ತಿದ್ದಾಳೆ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕೆಂಬ ಲೆಕ್ಕಿಗರ ಸೂತ್ರ ತಪ್ಪಲ್ಲ. ಆದರೆ ಆ ಸೂತ್ರದಲ್ಲಿ ಅಕ್ಕನ ಸಾಲ ಸೊನ್ನೆ ಬಡ್ಡಿಯದೆಂದು ಕೊನೆಗೆ ನಿಲ್ಲುತ್ತದೆ. ಕೇಳದಿರುವವಳ ಹಣ ಕೊನೆಗೆ, ಕಾಡುವವನ ಹಣ ಮೊದಲಿಗೆ ಎಂಬುದು ಲೋಕರೂಢಿ. ಅದನ್ನು ನ್ಯಾಯವೆಂದು ಕರೆಯುವುದು ಕಷ್ಟ. ಅವಳು ಕಟ್ಟುವ ಬಡ್ಡಿಯನ್ನಾದರೂ ತಮ್ಮನು ಪ್ರತಿ ತಿಂಗಳು ಮುಟ್ಟಿಸಬೇಕಾಗಿತ್ತು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಇಟ್ಟವನು ಮರೆತು ಕಡಿಮೆ ಕೇಳಿದರೆ, ಅಷ್ಟೇ ಸರಿಯೆಂದು ಒಪ್ಪಿ ಕೊಡುವುದು ಅದರ ಲಕ್ಷಣ. ಸಂಕೋಚದಿಂದ ಏನೂ ಕೇಳದವಳ ಮೌನವನ್ನು ಒಪ್ಪಿಗೆಯೆಂದು ಎಣಿಸಿ ಭಾನುವಾರದ ಊಟ ತರಿಸುವುದು ಅದರ ನೆರೆಮನೆಯ ದೋಷ. ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಊರಿನವರೆಲ್ಲರ ಮುಂದೆ ಕೈಜೋಡಿಸಿದವನು ಅಕ್ಕನ ಮನೆಗೆ ಮಾತ್ರ ಹೋಗದೆ ಫೋನಿನಲ್ಲಿಯೇ ಮುಗಿಸುವುದನ್ನು ಸಾಲ ಮಾಡಿದವರೆಲ್ಲರೂ ಬಲ್ಲರು.

ಆದುದರಿಂದ ಆಕ್ಷೇಪವು ಒಂದು ಅಂಶದಲ್ಲಿ ಸರಿ. ಋಣಿಯು ಬಿಡುವ ಫಲಾಹಾರದಲ್ಲಿ ತ್ಯಾಗದ ಅಂಶ ಬಹಳ ಕಡಿಮೆ. ಅದರ ಬಹುಭಾಗ ಅನ್ಯರ ಪಾಲನ್ನು ಮುಟ್ಟದಿರುವುದು. ಆದರೆ ಅದರಿಂದ ಅದು ವ್ರತವಲ್ಲವೆಂದು ಸಿದ್ಧವಾಗುವುದಿಲ್ಲ. ಅಚೌರ್ಯಾಣುವ್ರತವೂ ಅಂಥದೇ ಅಲ್ಲವೆ? ಪರರದನ್ನು ಮುಟ್ಟದವನು ತನ್ನದೇನನ್ನೂ ಬಿಟ್ಟಿರುವುದಿಲ್ಲ. ಆದರೂ ಅವನನ್ನು ವ್ರತಿಯೆಂದೇ ಕರೆಯುತ್ತಾರೆ. ಐದು ಗಂಟೆಗೆ ಕುರ್ಚಿಯಿಂದ ಏಳದವನ ನಿಯಮವು ಭೋಗೋಪಭೋಗ ಪರಿಮಾಣದಂತೆ ಕಂಡರೂ ಅದರ ಬೇರು ಅಚೌರ್ಯದಲ್ಲಿದೆ. ಹೆಸರು ಬದಲಾದುದರಿಂದ ವ್ಯತ್ಯಾಸವೇನೆಂದರೆ, ಬಿಟ್ಟೆನೆಂಬ ಹೆಮ್ಮೆಗೆ ಅದರಲ್ಲಿ ಆಸ್ಪದವಿಲ್ಲ. ಅನ್ನವನ್ನು ಬಿಟ್ಟವನನ್ನು ಜನ ಹೊಗಳುತ್ತಾರೆ, ಕದಿಯದವನನ್ನು ಹೊಗಳುವುದಿಲ್ಲ. ಸಹೋದ್ಯೋಗಿಗಳ ಮೆಚ್ಚುಗೆಯಿಂದ ಅವನ ಮನಸ್ಸು ಒಳಗೇ ಕುಟುಕುವುದು ಇದೇ ಕಾರಣದಿಂದ.

ಈ ಸಂಯಮವನ್ನು ಮನೆಯವರ ಮೇಲೆ ಹೇರುವುದು ಎಲ್ಲಿಯವರೆಗೆ ಸಲ್ಲುತ್ತದೆಂಬುದು ಇನ್ನೂ ಕಠಿನವಾದ ಪ್ರಶ್ನೆ. ವ್ರತವು ಸ್ವಂತದ್ದು, ಒಬ್ಬನ ಅಭಿಸಂಧಿಯಿಂದ ಇನ್ನೊಬ್ಬನು ವ್ರತಿಯಾಗಲಾರನು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಎಣಿಸಿದ್ದಾರೆ, ಎಂದರೆ ತನ್ನನ್ನು ಆಶ್ರಯಿಸಿದ ಜೀವಿಗಳಿಗೆ ಅನ್ನ ನೀರು ತಡೆಯುವುದು. ಭಾನುವಾರದ ಊಟ ನಿಂತರೆ ಯಾವ ಮಗುವೂ ಹಸಿದಿರುವುದಿಲ್ಲ. ಮನೆಯ ರೊಟ್ಟಿ ಪಲ್ಯ ಇದ್ದೇ ಇದೆ. ಅಷ್ಟಕ್ಕೆ ಆ ದೊಡ್ಡ ದೋಷವನ್ನು ಎಳೆದು ತರಬೇಕಿಲ್ಲ. ಆದರೆ ಮಕ್ಕಳ ಹಾಲು, ಹಣ್ಣುಗಳನ್ನು ಕಡಿದು, ತನ್ನ ಎಲೆ ಅಡಿಕೆಯನ್ನೂ ಫೋನಿನ ದೊಡ್ಡ ಬಾಡಿಗೆಯನ್ನೂ ಹಾಗೆಯೇ ಉಳಿಸಿಕೊಂಡ ಯಜಮಾನನಿದ್ದರೆ ಅವನಿಗೆ ಆ ಅತಿಚಾರ ಸರಿಯಾಗಿಯೇ ತಗಲುತ್ತದೆ. ಕಡಿತವು ಮಾಡುವವನಿಂದ ಮೊದಲಾಗಬೇಕು. ಹೆಂಡತಿಗೆ ಸಾಲದ ಪೂರ್ಣ ಮೊತ್ತ ತಿಳಿದಿರಬೇಕು. ಅನೇಕ ಮನೆಗಳಲ್ಲಿ ಅವಳಿಗೆ ತಿಳಿಯುವುದು ಹೊರಗಿನ ಊಟ ನಿಂತಿತೆಂಬುದಷ್ಟೆ. ಅಡುಗೆಮನೆಯ ಕೆಲಸ ಇಮ್ಮಡಿಯಾದುದು ಯಾವ ಕಾರಣಕ್ಕೆಂಬುದು ತಿಳಿಯುವುದಿಲ್ಲ. ಸತ್ಯವನ್ನು ಮುಚ್ಚಿ ಧರ್ಮದ ಮಾತನ್ನು ಮುಂದಿಟ್ಟರೆ, ಮುಂದೊಂದು ದಿನ ಕಂತಿನ ಪತ್ರ ಕೈಗೆ ಸಿಕ್ಕಾಗ ಮಕ್ಕಳಿಗೆ ಸಾಲದ ಮೇಲಲ್ಲ, ವ್ರತದ ಮೇಲೆಯೇ ಅಪನಂಬಿಕೆ ಹುಟ್ಟುತ್ತದೆ.

ನೋಂಪಿಗಳ ಉದ್ಯಾಪನೆಯನ್ನು ಕುರಿತ ಹಳೆಯ ವಿಧಿಯೊಂದನ್ನು ಇಲ್ಲಿ ನೆನೆಯಬಹುದು. ಉದ್ಯಾಪನೆ ಮಾಡಲು ಶಕ್ತಿಯಿಲ್ಲದವರು ವ್ರತವನ್ನೇ ಇಮ್ಮಡಿ ಕಾಲ ಆಚರಿಸಬೇಕೆಂದು ವ್ರತವಿಧಾನಗಳಲ್ಲಿ ಹೇಳಿದೆ. ಹಣವಿಲ್ಲದವನಿಗೆ ಸಾಲ ಮಾಡು ಎಂದು ಹಿರಿಯರು ಹೇಳಲಿಲ್ಲ. ಕಾಲವನ್ನು ಕೊಡು ಎಂದರು. ಬಂಧುಗಳ ಮುಂದೆ ಕುಂದಾಗಬಾರದೆಂದು ಬಡ್ಡಿಗೆ ಹಣ ತಂದು ಉದ್ಯಾಪನೆ ಮಾಡಿ, ಪೂಜೆಯ ಸವಾಲಿನಲ್ಲಿ ಕೈಮೀರಿ ಕೂಗಿ, ಆಮೇಲೆ ವರ್ಷಗಟ್ಟಲೆ ಕಂತು ಕಟ್ಟುವವರು ಈ ವಿಧಿಯನ್ನು ಕೇಳಿದ್ದರೂ ಕಿವಿಗೆ ಹಾಕಿಕೊಂಡಿರುವುದಿಲ್ಲ. ದೋಸೆಯ ಸಾಲಕ್ಕಿಂತ ಇದು ಮೇಲೆಂದು ತಿಳಿಯುವುದಕ್ಕೆ ಕಾರಣ ಕಾಣುವುದಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಧರ್ಮಕ್ಕೆ ಅರ್ಹನಾದ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಬಂದ ಸಂಪತ್ತನ್ನು ಮೊದಲಿಗೆ ಹೇಳಿ, ಆಯಕ್ಕೆ ತಕ್ಕ ವ್ಯಯವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ವ್ಯಯವು ಧರ್ಮಕಾರ್ಯದ್ದಾದರೆ ಮಿತಿ ಬೇಡವೆಂದು ಅಲ್ಲಿ ಹೇಳಿಲ್ಲ.

ಇನ್ನು ನಿಯಮದ ಅವಧಿ. ಸಮಂತಭದ್ರರು ಯಾವಜ್ಜೀವ ಹಿಡಿಯುವುದನ್ನು ಯಮವೆಂದೂ ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಕರೆದು, ದಿನ, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂಬ ಅಳತೆಗಳನ್ನು ಕೊಟ್ಟಿದ್ದಾರೆ. ಸಾಲ ತೀರುವವರೆಗೆ ಎಂಬ ಅಳತೆ ಅಲ್ಲಿಲ್ಲ. 21 ತಿಂಗಳೆಂದರೆ ಮೂರೂವರೆ ಅಯನಗಳು. ಅಷ್ಟು ದೂರದ ಗುರಿಯಿಟ್ಟವನು ಒಂದು ಸಂಜೆ ಜಾರಿದರೆ ಎಲ್ಲವೂ ಹೋಯಿತೆಂದು ಕೈಬಿಡುವ ಸಂಭವ ಹೆಚ್ಚು. ಒಂದು ಮಾಸಕ್ಕೆ ಹಿಡಿದು, ಮಾಸದ ಕೊನೆಗೆ ಲೆಕ್ಕ ನೋಡಿ, ಮತ್ತೆ ಹಿಡಿಯುವುದು ಲೇಸು. ಆಚಾರ್ಯರು ಹೇಳಿದ ಅತಿಚಾರಗಳೂ ಸಾಲಗಾರನಿಗೆಂದೇ ಬರೆದಂತಿವೆ. ಹಿಂದೆ ಉಂಡದ್ದನ್ನು ನೆನೆನೆನೆದು ಸವಿಯುವುದು ಒಂದು. ಮುಂದೆ ಉಣ್ಣಬೇಕಾದುದಕ್ಕೆ ಅತಿಯಾಗಿ ಬಾಯಾರುವುದು ಇನ್ನೊಂದು. ಸಾಲ ತೀರಿದ ದಿನ ಎಲ್ಲಿಗೆ ಹೋಗಿ ಏನೇನು ತಿನ್ನಬೇಕೆಂದು ಈಗಲೇ ಪಟ್ಟಿ ಮಾಡುವವನು ಇಡ್ಲಿಯನ್ನು ಬಿಟ್ಟಿಲ್ಲ, ಮುಂದೂಡಿದ್ದಾನೆ.

ಮತ್ತೆ ಆ ಐದು ಗಂಟೆಯ ಮಾತಿಗೆ ಬಂದರೆ, “ನನಗ ನಿಯಮ ಐತ್ರಿ” ಎಂದವನು ತಿಂಗಳ ಮೊದಲ ದಿನ ಮನಸ್ಸಿನಲ್ಲಿ ಸಂಕಲ್ಪಿಸಿ ಹಿಡಿದಿದ್ದರೆ ಆ ಮಾತು ಅಸತ್ಯವಲ್ಲ. ತನ್ನ ಸಾಲವನ್ನು ಕಚೇರಿಗೆಲ್ಲ ಸಾರಬೇಕೆಂದು ಯಾವ ಶಾಸ್ತ್ರವೂ ವಿಧಿಸುವುದಿಲ್ಲ. ಸಂಕಲ್ಪವಿಲ್ಲದೆ ಮಾನ ಉಳಿಸಿಕೊಳ್ಳಲು ಮಾತ್ರ ಹೇಳಿದ್ದರೆ ಅದು ಮಾಯಾಕಷಾಯ. ಆದರೂ ಆ ಸಂಜೆಯೇ ಸಂಕಲ್ಪಿಸಿ ಮಾತನ್ನು ನಿಜ ಮಾಡಿಕೊಳ್ಳಲು ಅಡ್ಡಿಯಿಲ್ಲ. ಹಿರಿಯ ಸಹೋದ್ಯೋಗಿ ಹೊಗಳಿದಾಗ, ಇದರಲ್ಲಿ ದೊಡ್ಡದೇನಿಲ್ಲ, ಕೊಡಬೇಕಾದುದಿದೆ ಎಂದು ಅವನು ಹೇಳಬಹುದು. ಅಷ್ಟು ಹೇಳಿದರೆ ಹೊಗಳಿಕೆ ತಾನೇ ನಿಲ್ಲುತ್ತದೆ. ಅಕ್ಕನ ಮನೆಗೆ ಹೋಗಿ ಈವರೆಗಿನ ಬಡ್ಡಿಯ ಹಣವನ್ನು ಅವಳ ಕೈಯಲ್ಲಿಟ್ಟು, ಬಳೆ ಬಿಡಿಸುವ ತಿಂಗಳು ಯಾವುದೆಂದು ಹೇಳಿ ಬರುವ ಕೆಲಸ ಮಾತ್ರ ಇನ್ನೂ ಉಳಿದಿದೆ.