ಕರೆಂಟ್ ಬಂದ ಕೂಡಲೇ ಯಾರ ಮೋಟಾರ್ ಮೊದಲು?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗನೊಬ್ಬನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದರೆ, ಎಲ್‌ಇಡಿ ಮಿಣುಕಿಸುವ ಆಟ ಮುಗಿದ ಮೇಲೆ ಅವನ ಕೈ ಸಾಮಾನ್ಯವಾಗಿ ಹೊಲದ ಮೋಟಾರಿನ ಕಡೆ ಹೋಗುತ್ತದೆ. ಒಂದೆರಡು ರಿಲೇ, ಒಂದು ಜಿಎಸ್‌ಎಂ ಮಾಡ್ಯೂಲ್, ಮನೆಯಲ್ಲಿ ಬಿದ್ದಿರುವ ಸಿಮ್ ಕಾರ್ಡ್, ಒಂದು ಪ್ಲಾಸ್ಟಿಕ್ ಡಬ್ಬಿ. ಮೂರು ಫೇಸ್ ಬಂದದ್ದನ್ನು ಗುರುತಿಸಿ, ಸ್ಟಾರ್ಟರನ್ನು ತಾನೇ ಒತ್ತುವ ಯಂತ್ರ ಎರಡು ಭಾನುವಾರದಲ್ಲಿ ತಯಾರು. ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು ಅಂತೀರಾ? ಬರುತ್ತೆ, ಸ್ವಲ್ಪ ತಡೆಯಿರಿ.

ಮೊದಲು ಆ ಡಬ್ಬಿಯ ಪರವಾಗಿ ಮಾತಾಡೋಣ. ನಮ್ಮಲ್ಲಿ ಪಂಪ್‌ಸೆಟ್ಟಿಗೆ ಮೂರು ಫೇಸ್ ಕೊಡೋದು ದಿನಕ್ಕೆ ಏಳು ಗಂಟೆ ಅನ್ನೋದು ಸರ್ಕಾರದ ಲೆಕ್ಕ. ಅದೂ ಪಾಳಿ ಮೇಲೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ರಾತ್ರಿ ಎರಡಕ್ಕೆ, 'ಲೈಟ್ ಬಂದೈತೇನ್ ನೋಡಿ ಬರ್ತೀನಿ' ಅಂತ ಅಪ್ಪ ಬ್ಯಾಟರಿ ಹಿಡಿದು ಆಳೆತ್ತರದ ಕಬ್ಬಿನ ನಡುವೆ ಹೊರಡುತ್ತಾರೆ. ಕಾಲಡಿ ಹಾವು ಇರಬಹುದು. ಒದ್ದೆ ಕೈಯಲ್ಲೇ ಸ್ಟಾರ್ಟರ್ ಮುಟ್ಟಬೇಕು. ಪುಣೆಯಲ್ಲೋ ಬೆಂಗಳೂರಲ್ಲೋ ಕೆಲಸ ಮಾಡುವ ಮಗ ಹಬ್ಬಕ್ಕೆ ಬಂದಾಗ ಕೂರಿಸಿ ಹೋಗುವ ಈ ಡಬ್ಬಿ, ಅವನು ತಿಂಗಳಿಗೆ ಕಳಿಸುವ ದುಡ್ಡಿಗಿಂತ ದೊಡ್ಡದು. ಇದನ್ನು ಸ್ವಾರ್ಥ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಈಗ ಇನ್ನೊಂದು ಲೆಕ್ಕ. ಊರವರು ಟಿಸಿ ಅನ್ನೋ ಟ್ರಾನ್ಸ್‌ಫಾರ್ಮರ್ 63 ಕೆವಿಎದ್ದು ಅಂತ ಇಟ್ಕೊಳ್ಳಿ. ಅದು ಒಂದೊಂದು ಫೇಸಿಗೆ ಸುಮಾರು 85 ಆಂಪಿಯರ್ ಕೊಡಬಲ್ಲದು. 5 ಎಚ್‌ಪಿ ಮೋಟಾರ್ ಓಡುವಾಗ ಎಳೆಯೋದು ಸುಮಾರು ಏಳೂವರೆ ಆಂಪಿಯರ್. ಹತ್ತು ಮೋಟಾರಿಗೆ 75, ಸಲೀಸು. ಆದರೆ ಚಾಲೂ ಆಗುವ ಮೊದಲ ಕೆಲವು ಸೆಕೆಂಡು ಮೋಟಾರ್ ಅದರ ಆರು ಪಟ್ಟು ಕೇಳುತ್ತದೆ. ಹತ್ತೂ ಒಂದೇ ಕ್ಷಣಕ್ಕೆ ಎದ್ದರೆ 450 ಆಂಪಿಯರ್. ವೋಲ್ಟೇಜ್ ಕುಸಿಯುತ್ತೆ. ವೋಲ್ಟೇಜ್ ಇಲ್ಲದೆ ಮೋಟಾರ್ ವೇಗ ಹಿಡಿಯಲ್ಲ, ವೇಗ ಹಿಡಿಯದ ಮೋಟಾರ್ ಎಳೆಯೋದು ನಿಲ್ಲಿಸಲ್ಲ. ಫ್ಯೂಸ್ ಹೋಗುತ್ತೆ. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದರೆ ಟಿಸಿಯೇ ಸುಡುತ್ತೆ. ಆಮೇಲೆ ಹೊಸದು ಬರೋವರೆಗೆ ಹತ್ತೂ ಹೊಲಕ್ಕೆ ನೀರಿಲ್ಲ.

ಕೈಯಿಂದ ಒತ್ತುವ ಕಾಲದಲ್ಲಿ ಒಬ್ಬರು ಬೇಗ ಬರುತ್ತಿದ್ದರು, ಒಬ್ಬರು ಚಹಾ ಕುಡಿದು ಬರುತ್ತಿದ್ದರು. ಆ ಹಿಂದುಮುಂದೇ ಟಿಸಿಯನ್ನು ಕಾಯುತ್ತಿತ್ತು. ನಾವು ತೆಗೆದುಹಾಕಿದ್ದು ಅಪ್ಪನ ಕಷ್ಟ ಅಂದುಕೊಂಡೆವು, ಅದರ ಜೊತೆಗೆ ಊರಿನ ಒಂದು ರಕ್ಷಣೆಯೂ ಹೋಯಿತು.

'ಎಲ್ಲರೂ ಹೀಗೇ ಮಾಡಿದರೆ ನಡೆಯುತ್ತಾ?' ಅಂತ ಕೇಳಿಕೊಂಡು ಕೆಲಸ ಮಾಡು ಅಂದವನು ಜರ್ಮನಿಯ ಕಾಂಟ್. ಹೊಲದ ಬದುವಿನ ಮೇಲೆ ಇದಕ್ಕೆ ಸಿದ್ಧ ಉತ್ತರ ಇದೆ: 'ನಾ ಒಬ್ಬಾಂವ ಬಿಟ್ರ ಟಿಸಿ ಉಳಿತೈತೇನ್ರಿ?' ಉತ್ತರ ಉಡಾಫೆಯದಲ್ಲ, ಲೆಕ್ಕ ಸರಿಯಾಗೇ ಇದೆ. ಮೊದಲ ಡಬ್ಬಿಯಿಂದ ಏನೂ ಆಗಲ್ಲ. ಎರಡನೆಯದರಿಂದಲೂ ಇಲ್ಲ. ಹತ್ತನೆಯದು ಬಂದಾಗ ಸುಟ್ಟರೆ, ಹತ್ತನೆಯವನು ಮೊದಲನೆಯವನಿಗಿಂತ ಹೆಚ್ಚು ತಪ್ಪಿತಸ್ಥನೂ ಅಲ್ಲ. ಒಂದೊಂದು ಡಬ್ಬಿಯೂ ನಿರಪರಾಧಿ, ಆದರೂ ಟಿಸಿ ಸುಟ್ಟದ್ದು ನಿಜ. ಮೇಲಾಗಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. ಹಾಗಾಗಿ ನಾವು ಮಾಡಿದ್ದರ ಬೆಲೆ ಯಾವ ಬಿಲ್ಲಿನಲ್ಲೂ ಬರಲ್ಲ.

ಹಾಗಾದ್ರೆ ಡಬ್ಬಿ ಕಿತ್ತುಹಾಕಬೇಕಾ? ಪಕ್ಕದ ತೆಲಂಗಾಣದಲ್ಲಿ 2018ರ ಜನವರಿಯಿಂದ ಹೊಲಕ್ಕೆ 24 ಗಂಟೆ ಕರೆಂಟ್ ಕೊಟ್ಟಾಗ, ಆಟೋ ಸ್ಟಾರ್ಟರ್ ತೆಗೆಯಿರಿ ಅಂತ ಸರ್ಕಾರವೇ ರೈತರನ್ನು ಕೇಳಿಕೊಂಡಿತು. ಅಲ್ಲಿ ಚಿಂತೆ ಇದ್ದದ್ದು ನೆಲದಡಿಯ ನೀರಿನದು. ನಮ್ಮ ಟಿಸಿಗಾದರೆ ಇನ್ನೂ ಸೌಮ್ಯವಾದ ಔಷಧ ಇದೆ, ಕಾಯುವುದು. ಹವ್ಯಾಸಿಗಳೆಲ್ಲ ಬಲ್ಲ 555 ಐಸಿ 1972ರಿಂದ ಮಾರುಕಟ್ಟೆಯಲ್ಲಿದೆ. ಅದಕ್ಕೆ 1 ಮೆಗಾಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸುಮಾರು 110 ಸೆಕೆಂಡ್ ತಡ ಸಿಗುತ್ತೆ. ಕರೆಂಟ್ ಬಂದು ಅಷ್ಟು ಹೊತ್ತಾದ ಮೇಲೆ ಮೋಟಾರ್ ಏಳಲಿ.

ಮಜಾ ಇರೋದು ಇಲ್ಲೇ. ಹತ್ತೂ ಜನ ಸಜ್ಜನರಾಗಿ ಅದೇ 110 ಸೆಕೆಂಡ್ ಕಾದರೆ? 111ನೇ ಸೆಕೆಂಡಿಗೆ ಅದೇ ಗತಿ. ಅಗ್ಗದ ಕೆಪಾಸಿಟರ್ ಬೇಕಾದರೂ ಇಪ್ಪತ್ತು ಪರ್ಸೆಂಟ್ ಆಚೀಚೆ ಆಗಿ ನಮ್ಮನ್ನು ಸ್ವಲ್ಪ ಉಳಿಸೀತು. ಆರ್ಡುಯಿನೋ ಹಾಕಿ ಕರಾರುವಾಕ್ಕಾಗಿ ಎರಡು ನಿಮಿಷ ಬರೆದವನು ಹೆಚ್ಚು ಅಪಾಯಕಾರಿ. ನಿಮ್ಮಲ್ಲಿ ಸಾಫ್ಟ್‌ವೇರಿನವರಿಗೆ ಇದು ಗೊತ್ತಿರುವ ಕಥೆ. ಸರ್ವರ್ ಬಿದ್ದು ಎದ್ದಾಗ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ಮುಗಿಬೀಳಬಾರದು ಅಂತ ರಿಟ್ರೈಗೆ ಒಂದಿಷ್ಟು ಯಾದೃಚ್ಛಿಕ ಅಂತರ ಸೇರಿಸ್ತೀರಲ್ಲ, ಅದೇ. 'ಎಲ್ಲರೂ ಕಾಯಬೇಕು' ಅನ್ನೋ ನಿಯಮ ಸಾಲದು, 'ಎಲ್ಲರೂ ಬೇರೆ ಬೇರೆ ಹೊತ್ತು ಕಾಯಬೇಕು' ಅನ್ನೋದು ಬೇಕು. ಒಳ್ಳೆಯತನವನ್ನು ಒಬ್ಬೊಬ್ಬರೇ ಮನೆಯಲ್ಲಿ ಕೂತು ಮಾಡಿದರೆ ಕೆಲಸಕ್ಕೆ ಬರಲ್ಲ. ನನ್ನ ರೆಸಿಸ್ಟರ್ ಎಷ್ಟಿರಬೇಕು ಅನ್ನೋದು ಪಕ್ಕದವನದು ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ.

ಇನ್ನೂ ಒಬ್ಬರು ಉಳಿದರು: ಡಬ್ಬಿಯೇ ಇಲ್ಲದ ಕಾಕಾ. ಅವರ ಮಗ ಎಂಜಿನಿಯರ್ ಅಲ್ಲ. ಅವರು ನಡೆದು ಬರುವಷ್ಟರಲ್ಲಿ ಒಂಬತ್ತು ಮೋಟಾರ್ ಎದ್ದಿರುತ್ತವೆ, ಅವರ ಪಾಲಿಗೆ ಬರೋದು ಸೊರಗಿದ ವೋಲ್ಟೇಜ್. ಪ್ರೋಗ್ರಾಮಿನಲ್ಲಿ ಯಾದೃಚ್ಛಿಕ ತಡ ಬರೆದರೆ ಟಿಸಿಗೆ ನ್ಯಾಯ ಸಿಗಬಹುದು, ಕಾಕಾಗೆ ಸಿಗಲ್ಲ.

ಒಂದೇ ಬಾವಿಯಲ್ಲಿ ಪಾಲಿರುವ ಅಣ್ಣತಮ್ಮಂದಿರು ನೀರಿಗೆ ಪಾಳಿ ಹಚ್ಚೋದು ಈ ಸೀಮೆಗೆ ಹೊಸದಲ್ಲ. ಜಗಳಾಡಿಕೊಂಡೇ ಹಚ್ಚುತ್ತಾರೆ, ಪಾಲಿಸುತ್ತಾರೆ ಕೂಡ. ಟಿಸಿಗೂ ಅಂಥದೊಂದು ಪಾಳಿ ಬೇಕು. ಮುಂದಿನ ಸಲ ಊರಿಗೆ ಹೋದಾಗ ಸಾಲ್ಡರಿಂಗ್ ಐರನ್ ಕಾಯಿಸುವ ಮುಂಚೆ ಆ ಟಿಸಿ ಮೇಲಿನ ಮೋಟಾರುಗಳು ಯಾರ್ಯಾರವು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಬೇರೆ ಬೇರೆ ನಿಮಿಷ ಹಾಕಿ, ಕಾಕಾನ ಹೆಸರನ್ನು ಮೊದಲು ಬರೆದು, ಅವರಿಗೂ ಒಂದು ಡಬ್ಬಿ ಮಾಡಿಕೊಡಿ. ಅದಕ್ಕೆ ಎರಡು ಭಾನುವಾರ ಸಾಲಲ್ಲ. ಹತ್ತು ಮನೆಗೆ ಹೋಗಿ ಕೂತು ಚಹಾ ಕುಡಿಯಬೇಕಾಗುತ್ತೆ.